ದಿನದ ಧಮ್ಮ ಚಿಂತನೆ: ತಪ್ಪು ಯಾವ ಕಡೆಗೆ ಹರಿಯುತ್ತದೆ?





ಕಳೆದ ಭಾನುವಾರದ ಅಧ್ಯಯನ ಸಭೆಯಲ್ಲಿ ಪಂಚಶೀಲದ ನಾಲ್ಕನೆಯ ಶೀಲದ ಬಗ್ಗೆ ಮಾತಾಡುತ್ತಿದ್ದಾಗ ಉಪಾಸಕಿಯೊಬ್ಬರು ಒಂದು ಪ್ರಶ್ನೆ ಕೇಳಿದರು. "ಸುಳ್ಳು ಹೇಳಿಬಿಟ್ಟೆ ಅಂತ ನಮಗೇ ಗೊತ್ತಾದ ಮೇಲೆ ಅದನ್ನು ಯಾರ ಮುಂದೆ ಒಪ್ಪಿಕೊಳ್ಳಬೇಕು? ದೊಡ್ಡವರ ಮುಂದೆಯೋ, ಚಿಕ್ಕವರ ಮುಂದೆಯೋ?" ನಾಲ್ಕಾರು ಉತ್ತರ ಬಂದವು. ನಾನು ಮಾತ್ರ ಬಾಯಿ ಬಿಡಲಿಲ್ಲ. ನನಗೆ ಗೊತ್ತಿದ್ದ ಉತ್ತರ ಹೇಳಬೇಕಾದರೆ ನನ್ನದೇ ಕಥೆ ಹೇಳಬೇಕಿತ್ತು. ಅಷ್ಟು ಜನರ ಮುಂದೆ ಧೈರ್ಯ ಬರಲಿಲ್ಲ. ಇಂದಿನ ಚಿಂತನೆ ಬರೆಯುವ ಸರದಿ ನನ್ನದಾದ್ದರಿಂದ ಈಗ ಹೇಳುತ್ತೇನೆ. ಸ್ವಲ್ಪ ಉದ್ದವಾಗಿದೆ, ತಾಳ್ಮೆಯಿಂದ ಓದಿ.

*ವ್ಯಾನಿನ ಊಳು*

ನಮ್ಮ ಮನೆಯ ಹಳೆಯ ಮಾರುತಿ ಓಮ್ನಿ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಹುಣ್ಣಿಮೆಯ ದಿನ ವಯಸ್ಸಾದವರನ್ನು ವಿಹಾರಕ್ಕೆ ಕರೆತರುವುದು ಅದೇ. 1984ರಲ್ಲಿ ಮಾರುತಿ ವ್ಯಾನ್ ಎಂದು ಶುರುವಾಗಿ 2019ರಲ್ಲಿ ತಯಾರಿಕೆ ನಿಂತುಹೋದ ಗಾಡಿ. ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ, ಗಾಡಿಯನ್ನು ತಳ್ಳುವುದು ಹಿಂದಿನ ಚಕ್ರಗಳು. ಇಂಜಿನ್ನಿನ ಬಲ ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂದಕ್ಕೆ ಹೋಗಿ, ಹಿಂದಿನ ಆಕ್ಸಲ್ಲಿನ ನಡುವೆ ಕುಂಬಳಕಾಯಿಯಂತೆ ಉಬ್ಬಿಕೊಂಡಿರುವ ಕಬ್ಬಿಣದ ಹೊಟ್ಟೆಯೊಳಗೆ ತಿರುವು ತೆಗೆದುಕೊಂಡು ಎಡ ಬಲ ಎರಡು ಚಕ್ರಗಳಿಗೂ ಹಂಚಿಕೆಯಾಗುತ್ತದೆ. ಆ ಹಂಚಿಕೆ ಮಾಡುವ ಗೇರುಗಳ ಕೂಟವೇ ಡಿಫರೆನ್ಷಿಯಲ್. ಮಿಸ್ತ್ರಿಗಳು 'ಹೌಸಿಂಗ್ ಕೆಲಸ' ಅನ್ನುವುದು ಇದಕ್ಕೇ.

ಕಳೆದ ಮಳೆಗಾಲದಲ್ಲಿ ಅಲ್ಲಿಂದ ಒಂದು ಊಳು ಶುರುವಾಯಿತು. ನಲವತ್ತರ ವೇಗ ದಾಟಿದರೆ ಏರುತ್ತಿತ್ತು, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ರಾಗ ಬದಲಾಗುತ್ತಿತ್ತು. ಬೇರಿಂಗ್ ಹೋಗಿದೆ ಅಂತ ನನಗೂ ಅಂದಾಜಾಯಿತು. ನಮ್ಮಪ್ಪ ಲಾರಿ ಗ್ಯಾರೇಜಿನಲ್ಲಿ ಹೆಲ್ಪರ್ ಆಗಿದ್ದವರು. ಅವರ ಸ್ಪ್ಯಾನರ್ ಪೆಟ್ಟಿಗೆ ನನ್ನ ಬಳಿಯೇ ಇದೆ. ಗ್ಯಾರೇಜಿನಲ್ಲಿ ಕೇಳಿದ ಹಣ ನಮಗೆ ಹೆಚ್ಚೆನಿಸಿತು. ದಸರಾ ರಜೆ ಬಂತು. ಒಂಬತ್ತನೇ ತರಗತಿಯ ಮಗಳು "ನಾವೇ ಬಿಚ್ಚೋಣ ಅಪ್ಪಾ" ಅಂದಳು. ಒಪ್ಪಿದೆ.

ಆಯುಧಪೂಜೆಯ ದಿನ ಬೀದಿಯಲ್ಲೆಲ್ಲ ಗಾಡಿಗಳಿಗೆ ಬಾಳೆಕಂದು ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆಯುತ್ತಿದ್ದರು. ನಮ್ಮ ಮನೆಯ ಮುಂದೆ ನಮ್ಮ ಗಾಡಿ ಹಿಂದಿನ ಚಕ್ರಗಳಿಲ್ಲದೆ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಅಕ್ಕಪಕ್ಕದವರು ನೋಡಿ ನಕ್ಕರು. ಗಾಡಿಗೆ ನಾವು ಸಲ್ಲಿಸುವ ಗೌರವ ಗ್ರೀಸು ಮತ್ತು ಗೇರ್ ಆಯಿಲ್ ಅಂತ ನಾವೂ ನಕ್ಕೆವು.

*ಮಗಳ ಲೆಕ್ಕ*

ಬಿಚ್ಚುವ ಮೊದಲು ಒಂದು ಸಣ್ಣ ಪ್ರಯೋಗ ಮಾಡಿದೆವು. ಹಿಂದಿನ ಎರಡೂ ಚಕ್ರ ಗಾಳಿಯಲ್ಲಿರುವಂತೆ ಎತ್ತಿ, ಗಾಡಿಯನ್ನು ಗೇರಿನಲ್ಲಿಟ್ಟು, ಎಡ ಚಕ್ರವನ್ನು ಕೈಯಲ್ಲಿ ಮುಂದಕ್ಕೆ ತಿರುಗಿಸಿದರೆ ಬಲ ಚಕ್ರ ತಾನಾಗಿ ಹಿಂದಕ್ಕೆ ತಿರುಗುತ್ತದೆ. ಮಗಳು ಹತ್ತು ಸಲ ತಿರುಗಿಸಿ ನೋಡಿದಳು. ಆಮೇಲೆ ಕೇಳಿದಳು: "ಎರಡೂ ಚಕ್ರಕ್ಕೆ ಒಂದೇ ಸರಳು ಹಾಕಿದ್ರೆ ಆಗ್ತಿರಲಿಲ್ವಾ? ಇಷ್ಟೊಂದು ಗೇರು ಯಾಕೆ?"

ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ವೃತ್ತ ಬರೆದೆ, ಒಂದರೊಳಗೆ ಇನ್ನೊಂದು. ಗಾಡಿ ತಿರುವಿನಲ್ಲಿ ಹೋಗುವಾಗ ಹೊರಗಿನ ಚಕ್ರ ದೊಡ್ಡ ವೃತ್ತದಲ್ಲಿ ಓಡಬೇಕು, ಒಳಗಿನದು ಸಣ್ಣ ವೃತ್ತದಲ್ಲಿ. ಓಮ್ನಿಯ ಎರಡು ಚಕ್ರಗಳ ನಡುವೆ ಸುಮಾರು ನಾಲ್ಕು ಅಡಿ. ಹಾಗಾದರೆ ಒಂದು ಪೂರ್ತಿ ಸುತ್ತಿನಲ್ಲಿ ಹೊರಗಿನ ಚಕ್ರ ಎಷ್ಟು ಹೆಚ್ಚು ಓಡಬೇಕು? ಮಗಳೇ ಲೆಕ್ಕ ಹಾಕಿದಳು: ಸುಮಾರು 25 ಅಡಿ. ಸುತ್ತು ದೊಡ್ಡದಾಗಲಿ ಚಿಕ್ಕದಾಗಲಿ, ಆ 25 ಅಡಿ ಬದಲಾಗುವುದಿಲ್ಲ ಅಂತ ಅವಳೇ ಕಂಡುಕೊಂಡು ಖುಷಿಪಟ್ಟಳು. ಒಂದೇ ಸರಳಿದ್ದರೆ ಪ್ರತಿ ತಿರುವಿನಲ್ಲೂ ಒಂದು ಚಕ್ರ ನೆಲಕ್ಕೆ ಉಜ್ಜಿಕೊಂಡು ಸವೆಯುತ್ತಿತ್ತು. ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮನಾದ ಬಲ ಕೊಡುತ್ತದೆ, ಆದರೆ ಅವರವರ ದಾರಿಗೆ ತಕ್ಕ ವೇಗದಲ್ಲಿ ತಿರುಗಲು ಬಿಡುತ್ತದೆ.

"ಸಮನಾದ ಬಲ ಅಂದ್ರೆ, ಕೆಸರಲ್ಲಿ ಸಿಕ್ಕಾಗ ಒಂದೇ ಚಕ್ರ ಯಾಕೆ ಗಿರ್ ಅಂತ ತಿರುಗುತ್ತೆ?" ಅಂದಳು. ಒಳ್ಳೆಯ ಪ್ರಶ್ನೆ. ಕೆಸರಿನಲ್ಲಿರುವ ಚಕ್ರಕ್ಕೆ ಹಿಡಿತವಿಲ್ಲ, ಅದನ್ನು ತಿರುಗಿಸಲು ತೀರಾ ಕಡಿಮೆ ಬಲ ಸಾಕು. ಸಮಪಾಲಿನ ನಿಯಮದಂತೆ ಗಟ್ಟಿ ನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ ಬಲ ಸಿಗುತ್ತದೆ, ಅದರಿಂದ ಗಾಡಿ ಅಲ್ಲಾಡುವುದಿಲ್ಲ. ಜಾರುತ್ತಿರುವ ಚಕ್ರದ ಕೆಳಗೆ ಕಲ್ಲೋ ಗೋಣಿಚೀಲವೋ ಹಾಕಿ ಹಿಡಿತ ಕೊಟ್ಟರೆ ಮಾತ್ರ ಎರಡೂ ಚಕ್ರ ಕೆಲಸ ಮಾಡುತ್ತವೆ. ನಮ್ಮ ಊರಿನ ಕಬ್ಬಿನ ಗದ್ದೆ ದಾರಿಯಲ್ಲಿ ಸಿಕ್ಕಿಬಿದ್ದವರಿಗೆಲ್ಲ ಇದು ಗೊತ್ತಿರುವ ಸಂಗತಿ.

*"ನನಗೆ ನೆನಪಿರುತ್ತೆ"*

ಹಳೆಯ ಎಣ್ಣೆ ಇಳಿಸಿದೆವು. ಬ್ರೇಕ್ ಡ್ರಮ್ ತೆಗೆದು, ಎರಡೂ ಆಕ್ಸಲ್ ಹೊರಗೆಳೆದು, ಪ್ರೊಪೆಲ್ಲರ್ ಶಾಫ್ಟ್ ಕಳಚಿ, ಸುತ್ತಲಿನ ನಟ್ಟುಗಳನ್ನು ಬಿಚ್ಚಿ ಇಡೀ ಕ್ಯಾರಿಯರನ್ನು ಹೊರತೆಗೆದು ಗೋಣಿಚೀಲದ ಮೇಲೆ ಇಟ್ಟೆವು. ದೊಡ್ಡ ಕ್ರೌನ್ ವೀಲು, ಅದನ್ನು ತಿರುಗಿಸುವ ಚಿಕ್ಕ ಪಿನಿಯನ್ನು, ಕ್ರೌನಿನ ಒಡಲಲ್ಲಿ ನಾಲ್ಕು ಸಣ್ಣ ಗೇರು. ಪಿನಿಯನ್ ಸುಮಾರು ಐದು ಸುತ್ತು ತಿರುಗಿದರೆ ಕ್ರೌನು ಒಂದು ಸುತ್ತು. ಕ್ರೌನಿನ ಎರಡು ಬದಿಗೆ ಎರಡು ಬೇರಿಂಗು. ಅವುಗಳನ್ನು ಅರ್ಧಚಂದ್ರದಂತಹ ಎರಡು ಕ್ಯಾಪುಗಳು ಅದುಮಿ ಹಿಡಿದಿರುತ್ತವೆ.

ಈ ಕ್ಯಾಪುಗಳ ವಿಷಯದಲ್ಲೇ ನನ್ನ ಕಥೆ ಇರುವುದು. ನೋಡಲು ಎರಡೂ ಒಂದೇ ಥರ. ಆದರೆ ಕಾರ್ಖಾನೆಯಲ್ಲಿ ಕ್ಯಾಪನ್ನು ಕ್ಯಾರಿಯರಿಗೆ ಕೂರಿಸಿಯೇ ಎರಡಕ್ಕೂ ಒಟ್ಟಿಗೆ ರಂಧ್ರ ಕೊರೆದು ಮರೆ ಹಾಕಿರುತ್ತಾರೆ. ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ ಬರಬೇಕು. ಅದಲು ಬದಲಾದರೆ ಮರೆಯ ಅರ್ಧ ಇನ್ನರ್ಧಕ್ಕೆ ಕೂಡುವುದಿಲ್ಲ. ಅದಕ್ಕೇ ಬಿಚ್ಚುವ ಮೊದಲು ಪಂಚ್ ಇಟ್ಟು ಒಂದು ಕಡೆ ಒಂದು ಚುಕ್ಕೆ, ಇನ್ನೊಂದು ಕಡೆ ಎರಡು ಚುಕ್ಕೆ ಹೊಡೆಯುವುದು ಪದ್ಧತಿ.

"ಅಪ್ಪಾ, ಗುರುತು ಹಾಕೋಣ್ವಾ?" ಅಂತ ಮಗಳು ಕೇಳಿದಳು. ಪಂಚು ಪೆಟ್ಟಿಗೆಯ ತಳದಲ್ಲಿತ್ತು. ಕೈಯೆಲ್ಲ ಎಣ್ಣೆ. "ಬೇಡ ಬಿಡು, ನನಗೆ ನೆನಪಿರುತ್ತೆ" ಅಂದೆ.

ಹೊಸ ಬೇರಿಂಗು, ಆಯಿಲ್ ಸೀಲು ತರಲು ನಾಲ್ಕು ದಿನ ಹಿಡಿಯಿತು. ಮತ್ತೆ ಜೋಡಿಸಲು ಕೂತಾಗ ಎರಡು ಕ್ಯಾಪುಗಳನ್ನು ಕೈಯಲ್ಲಿ ಹಿಡಿದು ನೋಡಿದೆ. ನೆನಪಾಗಲಿಲ್ಲ. ಅಂದಾಜಿನಲ್ಲಿ ಹಾಕಿದೆ. ಬೇರಿಂಗ್ ಬಿಗಿ ಹೊಂದಿಸುವ ಅಡ್ಜಸ್ಟರ್ ಅರ್ಧ ಸುತ್ತು ತಿರುಗಿ ನಿಂತಿತು. ಅಲ್ಲಿಗೆ ನಿಲ್ಲಿಸಿ ಬಿಚ್ಚಿ ನೋಡಬೇಕಿತ್ತು. ನಾನು ಸುತ್ತಿಗೆ ತೆಗೆದುಕೊಂಡೆ. ನಾಲ್ಕು ಏಟಿಗೆ ಮರೆ ಕಿತ್ತುಬಂತು. ಇಡೀ ಕ್ಯಾರಿಯರೇ ಹಾಳಾಯಿತು.

ಜಗಲಿಯ ಮೇಲೆ ನಮ್ಮವ್ವ ಕೂತಿದ್ದರು. "ಏನಾಯ್ತೋ?" ಅಂದರು. ನನ್ನ ಬಾಯಿಂದ ಬಂದ ಮಾತು: "ಇವಳು ಕ್ಯಾಪು ತೊಳೆಯುವಾಗ ಅದಲು ಬದಲು ಮಾಡಿದ್ದಾಳೆ." ಅವ್ವ "ಹೆಣ್ಣುಮಗೀನ ಕೈಗೆ ಕಬ್ಬಿಣ ಕೊಟ್ರೆ ಇನ್ನೇನಾದದು" ಅಂದರು.

ಬಂಧುಗಳೇ, ಆ ಮಾತು ಆಡುವಾಗಲೇ ಅದು ಸುಳ್ಳು ಅಂತ ನನಗೆ ಗೊತ್ತಿತ್ತು. ಸಿಟ್ಟಿನಲ್ಲಿ ಬಂತು ಅಂತ ಹೇಳಿದರೆ ಅದು ಎರಡನೇ ಸುಳ್ಳಾಗುತ್ತದೆ. ಮಗಳಿಗೂ ಗೊತ್ತಿತ್ತು. ಅವಳು ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ. ಹಳೆಬಟ್ಟೆಗೆ ಕೈ ಒರೆಸಿಕೊಂಡು ಒಳಗೆ ಹೋದಳು. ಮರುದಿನ ಕರೆದರೆ "ಓದೋದಿದೆ" ಅಂದಳು.

*ಗ್ಯಾರೇಜಿನ ಮೌನ*

ಆ ಮೌನವನ್ನು ನಾನು ಮೊದಲೇ ಎಲ್ಲೋ ಕಂಡಿದ್ದೆ. ರಾತ್ರಿ ನೆನಪಾಯಿತು.

ಅಪ್ಪ ಗ್ಯಾರೇಜಿನಲ್ಲಿದ್ದಾಗ ಹಿರಿಯ ಮಿಸ್ತ್ರಿ ಒಂದು ಲಾರಿಯ ಹೌಸಿಂಗಿಗೆ ಎಣ್ಣೆ ಹಾಕಿಸಿ, ಡ್ರೈನ್ ಬೋಲ್ಟನ್ನು ಬಿಗಿ ಮಾಡುವುದು ಮರೆತರು. ಎಣ್ಣೆಯೆಲ್ಲ ದಾರಿಯಲ್ಲಿ ಸೋರಿ ಗೇರುಗಳು ಸುಟ್ಟವು. ಲಾರಿ ಮಾಲೀಕ ಬಂದು ಕೂಗಾಡಿದಾಗ ಗ್ಯಾರೇಜಿನ ಯಜಮಾನ ಮಿಸ್ತ್ರಿಯ ಕಡೆ ನೋಡಿದ, ಮಿಸ್ತ್ರಿ ನಮ್ಮಪ್ಪನ ಕಡೆ ನೋಡಿದ. ಅಪ್ಪನ ಪಕ್ಕದಲ್ಲಿ ನೋಡಲು ಇನ್ಯಾರೂ ಇರಲಿಲ್ಲ. ಒಂದು ತಿಂಗಳ ಕೂಲಿ ಹೋಯಿತು. ನಾನು ಕಾಲೇಜಿಗೆ ಹೋಗುವಾಗ ಅಪ್ಪ ಇದನ್ನು ಹೇಳಿದ್ದರು. "ನೀವ್ಯಾಕೆ ಸುಮ್ಮನಿದ್ರಿ?" ಅಂತ ನಾನು ರೇಗಿದ್ದೆ. "ಹೇಳಿದ್ರೆ ಕೇಳೋರು ಯಾರಪ್ಪಾ ಅಲ್ಲಿ?" ಅಂದಿದ್ದರು.

ಆ ಅಪ್ಪನ ಸ್ಪ್ಯಾನರನ್ನೇ ಹಿಡಿದುಕೊಂಡು ನಾನು ಆ ಯಜಮಾನನ ಜಾಗದಲ್ಲಿ ನಿಂತಿದ್ದೆ. ನನ್ನ ಮಗಳು ಅಪ್ಪನ ಜಾಗದಲ್ಲಿ ನಿಂತಿದ್ದಳು.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತಾಡುತ್ತಾ ಬಾಬಾಸಾಹೇಬರು ನಮ್ಮ ಸಮಾಜ ಶ್ರೇಣೀಕೃತ ಅಸಮಾನತೆಯ ಮೇಲೆ ನಿಂತಿದೆ ಎಂದು ಎಚ್ಚರಿಸಿದ್ದರು. ನಾವು ಈ ಪದವನ್ನು ಸಭೆಗಳಲ್ಲಿ ಬಹಳ ಸಲ ಹೇಳುತ್ತೇವೆ. ಮೆಟ್ಟಿಲಿನ ಮೇಲೆ ಮೆಟ್ಟಿಲು. ಗೌರವ ಮೇಲಕ್ಕೆ ಏರುತ್ತದೆ, ತಿರಸ್ಕಾರ ಕೆಳಕ್ಕೆ ಇಳಿಯುತ್ತದೆ. ಇದರ ಜೊತೆಗೆ ಇನ್ನೊಂದೂ ಕೆಳಗಿಳಿಯುತ್ತದೆ ಅಂತ ನನಗೆ ಆ ರಾತ್ರಿ ಹೊಳೆಯಿತು: ತಪ್ಪು. ಮಾಡಿದವರು ಎಲ್ಲೇ ಇರಲಿ, ತಪ್ಪು ನೀರಿನಂತೆ ಇಳಿಜಾರು ಹುಡುಕಿಕೊಂಡು ಹೋಗಿ, ತಿರುಗಿ ಮಾತಾಡಲಾಗದವರ ಕಾಲ ಬಳಿ ನಿಲ್ಲುತ್ತದೆ. ನಾನು ಕೆಲಸ ಮಾಡುವ ಶಿಕ್ಷಣದ ಲೋಕದಲ್ಲೂ ಇದೇ. ಫಲಿತಾಂಶ ಕಡಿಮೆಯಾದರೆ ಮೇಲಿನವರು ಮುಖ್ಯಶಿಕ್ಷಕರನ್ನು ಕೇಳುತ್ತಾರೆ, ಅವರು ನಮ್ಮನ್ನು ಕೇಳುತ್ತಾರೆ, ನಾವು "ಮಕ್ಕಳೇ ಸರಿಯಿಲ್ಲ" ಅನ್ನುತ್ತೇವೆ. ಮಕ್ಕಳು ಯಾರನ್ನು ತೋರಿಸಬೇಕು?

ಜಾತಿಯನ್ನು ಬಿಟ್ಟುಬಂದೆವು ಅಂತ ನಾವು ಹೇಳುತ್ತೇವೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಜನರಿಗೆ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಸುಳ್ಳು ಹೇಳುವುದಿಲ್ಲ ಎಂಬುದೂ ಇದೆ, ಸಮಾನತೆ ಸ್ಥಾಪಿಸಲು ಶ್ರಮಿಸುತ್ತೇನೆ ಎಂಬುದೂ ಇದೆ. ನಾನು ಒಂದೇ ವಾಕ್ಯದಲ್ಲಿ ಎರಡನ್ನೂ ಮುರಿದಿದ್ದೆ. ಮಗಳ ಮೇಲೆ ಸುಳ್ಳು ಹೊರಿಸುವುದಕ್ಕೆ ನನಗೆ ಯಾವ ಜಾತಿಯ ಬಲವೂ ಬೇಕಾಗಲಿಲ್ಲ. ಅಪ್ಪ ಅನ್ನುವ ಮೆಟ್ಟಿಲು ಸಾಕಾಯಿತು. ಅವಳು ಹೆಣ್ಣು ಅನ್ನುವುದು ಅವ್ವನ ಬಾಯಲ್ಲಿ ಅದನ್ನು ನಂಬಿಸಿತು.

*ರಾಹುಲನಿಗೆ ತೋರಿಸಿದ ಪಾತ್ರೆ*

ಆ ವಾರವೇ ಮಕ್ಕಳ ಧಮ್ಮ ತರಗತಿಗೆ ರಾಹುಲನ ಕಥೆ ಹೇಳುವ ಕೆಲಸ ನನಗೆ ಬಿದ್ದಿತ್ತು. ಮಜ್ಝಿಮ ನಿಕಾಯದ 61ನೆಯ ಸುತ್ತ. ಇದು ಎಷ್ಟು ಹಳೆಯದೆಂದರೆ, ರಾಜಸ್ಥಾನದ ಬೈರಾಟಿನಲ್ಲಿ ಸಿಕ್ಕ ಶಾಸನದಲ್ಲಿ ಸಾಮ್ರಾಟ ಅಶೋಕ ಭಿಕ್ಷು, ಭಿಕ್ಷುಣಿ, ಉಪಾಸಕ, ಉಪಾಸಕಿಯರೆಲ್ಲ ಮತ್ತೆ ಮತ್ತೆ ಕೇಳಬೇಕೆಂದು ಹೆಸರಿಸಿದ ಏಳು ಧಮ್ಮ ಪಠ್ಯಗಳಲ್ಲಿ, ಸುಳ್ಳಿನ ಬಗ್ಗೆ ರಾಹುಲನಿಗೆ ಹೇಳಿದ ಬೋಧೆಯೂ ಒಂದು.

ಭಗವಾನರು ಬರುವುದನ್ನು ಕಂಡು ರಾಹುಲ ಆಸನ ಹಾಕಿ, ಕಾಲು ತೊಳೆಯಲು ನೀರು ಇಡುತ್ತಾನೆ. ಅವರು ಕಾಲು ತೊಳೆದು, ಪಾತ್ರೆಯ ತಳದಲ್ಲಿ ಸ್ವಲ್ಪ ನೀರು ಉಳಿಸಿ ಮಗನಿಗೆ ತೋರಿಸುತ್ತಾರೆ: ಗೊತ್ತಿದ್ದೂ ಸುಳ್ಳು ಹೇಳಲು ನಾಚದವನ ಒಳ್ಳೆಯತನ ಇಷ್ಟೇ. ಆ ನೀರನ್ನೂ ಚೆಲ್ಲುತ್ತಾರೆ. ಪಾತ್ರೆಯನ್ನು ಬೋರಲು ಹಾಕುತ್ತಾರೆ. ಆಮೇಲೆ ಕನ್ನಡಿಯ ಮಾತು ಬರುತ್ತದೆ. ಕನ್ನಡಿ ಇರುವುದು ನೋಡಿಕೊಳ್ಳಲು. ಹಾಗೆಯೇ ಪ್ರತಿ ಕೆಲಸವನ್ನೂ ಮಾಡುವ ಮೊದಲು, ಮಾಡುತ್ತಿರುವಾಗ, ಮಾಡಿದ ಮೇಲೆ ನೋಡಿಕೊಳ್ಳಬೇಕು: ಇದರಿಂದ ನನಗೋ ಇನ್ನೊಬ್ಬರಿಗೋ ನೋವಾಗುತ್ತದೆಯೇ?

ಪುಸ್ತಕ ತೆರೆದು ಕೂತವನಿಗೆ ಮುಂದೆ ಓದಲಾಗಲಿಲ್ಲ. ಮಾಡುವ ಮೊದಲು ನೋಡಿಕೊಂಡಿದ್ದರೆ ಪಂಚ್ ಹುಡುಕಿ ಗುರುತು ಹಾಕುತ್ತಿದ್ದೆ. ಮಾಡುತ್ತಿರುವಾಗ ನೋಡಿಕೊಂಡಿದ್ದರೆ ಅಡ್ಜಸ್ಟರ್ ನಿಂತ ಕಡೆ ನಾನೂ ನಿಲ್ಲುತ್ತಿದ್ದೆ. ಮಾಡಿದ ಮೇಲೆ ನೋಡಿಕೊಳ್ಳುವುದೊಂದೇ ಉಳಿದಿತ್ತು. ಅದಕ್ಕೆ ಆ ಸುತ್ತ ಹೇಳುವುದು ಇಷ್ಟು: ಮಾತಿನಿಂದಲೋ ಕೈಯಿಂದಲೋ ನೋವು ಮಾಡಿದ್ದರೆ ಗುರುವಿನ ಮುಂದೆ ಅಥವಾ ವಿವೇಕಿಯಾದ ಸಹಸಾಧಕರ ಮುಂದೆ ತೆರೆದು ಹೇಳಿ, ಮುಂದೆ ಹಾಗೆ ಮಾಡದಂತೆ ತಡೆದುಕೊಳ್ಳಬೇಕು.

ಇಲ್ಲಿ ನನಗೊಂದು ಸುಲಭದ ದಾರಿ ಕಂಡಿತು. ಭಂತೇಜಿಯವರ ಮುಂದೆ ಹೇಳಿಕೊಂಡುಬಿಡಬಹುದಲ್ಲ! ಅವರು ಮೆಲ್ಲಗೆ ನಕ್ಕು ನಾಲ್ಕು ಒಳ್ಳೆಯ ಮಾತು ಹೇಳುತ್ತಾರೆ, ನನ್ನ ಮನಸ್ಸು ಹಗುರಾಗುತ್ತದೆ. ಮಗಳ ಹೆಗಲ ಮೇಲಿನ ಸುಳ್ಳು ಮಾತ್ರ ಅಲ್ಲೇ ಇರುತ್ತದೆ. ಆ ಕೆಲಸದಲ್ಲಿ ನನ್ನ ಜೊತೆಗಿದ್ದ ವಿವೇಕಿ ಯಾರು ಅಂತ ಕೇಳಿಕೊಂಡೆ. ಗುರುತು ಹಾಕೋಣವೇ ಅಂತ ಕೇಳಿದವಳೇ ತಾನೆ?

ಇನ್ನೊಂದು ಸಂಗತಿಯೂ ನೆನಪಾಯಿತು. ವರ್ಷಾವಾಸ ಮುಗಿಯುವ ಆಶ್ವಯುಜ ಹುಣ್ಣಿಮೆಗೆ ಸಂಘದಲ್ಲಿ ಪವಾರಣೆ ನಡೆಯುತ್ತದೆ. ನನ್ನಲ್ಲಿ ಕಂಡ, ಕೇಳಿದ, ಅನುಮಾನ ಬಂದ ತಪ್ಪನ್ನು ಹೇಳಿ ಎಂದು ಪ್ರತಿ ಭಿಕ್ಷುವೂ ಸಂಘವನ್ನು ಬೇಡಿಕೊಳ್ಳುತ್ತಾನೆ. ಹಾಗೆ ಕೇಳಲು ಶುರುಮಾಡುವವರು ಹಿರಿಯರು. ಸಂಯುತ್ತ ನಿಕಾಯದ ಪವಾರಣಾ ಸುತ್ತದಲ್ಲಿ ಭಗವಾನ್ ಬುದ್ಧರೇ, ನನ್ನ ನಡೆಯಲ್ಲೋ ನುಡಿಯಲ್ಲೋ ದೋಷ ಕಂಡಿದ್ದೀರಾ ಎಂದು ಭಿಕ್ಷುಗಳನ್ನು ಕೇಳುತ್ತಾರೆ. ಜಾತಿಯ ಮೆಟ್ಟಿಲಿನಲ್ಲಿ ತಪ್ಪು ತುದಿಯಿಂದ ಹೊರಟು ತಳಕ್ಕೆ ಬರುತ್ತದೆ. ಸಂಘದಲ್ಲಿ ವಿಚಾರಣೆ ಹಿರಿಯನಿಂದಲೇ ಶುರು. ಬಾಬಾಸಾಹೇಬರು ನಮ್ಮನ್ನು ಯಾವುದರಿಂದ ಬಿಡಿಸಿ ಯಾವುದಕ್ಕೆ ಕರೆತಂದರು ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

*ಜಗಲಿಯ ಮೇಲೆ*

ಇಷ್ಟೆಲ್ಲ ತಿಳಿದ ಮೇಲೂ ಎರಡು ದಿನ ತಡಮಾಡಿದೆ. ಮಗಳಿಗೆ ಇಷ್ಟದ ತಿಂಡಿ ತಂದುಕೊಟ್ಟೆ, ಸುಮ್ಮಸುಮ್ಮನೆ ತಮಾಷೆ ಮಾಡಿದೆ. ಅವಳು ತಿಂಡಿ ತಿಂದಳು, ಗಾಡಿಯ ಹತ್ತಿರ ಬರಲಿಲ್ಲ. ಒಬ್ಬನೇ ಕೂತರೆ ನನಗೂ ಕೆಲಸ ಸಾಗಲಿಲ್ಲ. ಒಂದು ಚಕ್ರದ ಹಿಡಿತ ಹೋದರೆ ಇನ್ನೊಂದೂ ನಿಲ್ಲುತ್ತದೆ ಅಂತ ನಾನೇ ಅವಳಿಗೆ ಪಾಠ ಹೇಳಿದ್ದೆನಲ್ಲ.

ಸುಳ್ಳು ಹೇಳಿದ್ದು ಅವ್ವನ ಎದುರು. ಆದ್ದರಿಂದ ಅದನ್ನು ಹಿಂತೆಗೆದುಕೊಳ್ಳುವುದೂ ಅವ್ವನ ಎದುರೇ ಆಗಬೇಕಿತ್ತು. ಗುಟ್ಟಾಗಿ ಕೇಳುವ ಕ್ಷಮೆ ಹೇಳಿದವನ ಮಾನವನ್ನು ಕಾಯುತ್ತದೆ, ಅನ್ಯಾಯವಾದವರ ಮಾನವನ್ನು ಹಾಗೇ ಬಿಡುತ್ತದೆ. ಸಂಜೆ ಇಬ್ಬರೂ ಜಗಲಿಯಲ್ಲಿದ್ದಾಗ ಹೇಳಿದೆ: "ಅವ್ವಾ, ಅವತ್ತು ಕ್ಯಾಪು ಅದಲು ಬದಲು ಮಾಡಿದ್ದು ನಾನು. ಗುರುತು ಹಾಕೋಣ ಅಂತ ಇವಳು ಕೇಳಿದ್ದಳು, ನಾನೇ ಬೇಡ ಅಂದೆ. ಸುತ್ತಿಗೆಯಲ್ಲಿ ಹೊಡೆದು ಮುರಿದಿದ್ದೂ ನಾನೇ. ಗೊತ್ತಿದ್ದೂ ಇವಳ ಮೇಲೆ ಹಾಕಿದೆ."

ಅವ್ವ ಏನೂ ಅನ್ನಲಿಲ್ಲ. ಮಗಳು ಸ್ವಲ್ಪ ಹೊತ್ತಿನ ಮೇಲೆ ಅಂದಳು: "ನಾನು ಅವತ್ತೇ ಹೇಳ್ಬೇಕಿತ್ತು. ಭಯ ಆಯ್ತು."

ನನ್ನನ್ನು ಅತ್ಯಂತ ನೋಯಿಸಿದ್ದು ಆ ಮಾತು. ಅಂಬೇಡ್ಕರ್ ಜಯಂತಿಯಲ್ಲಿ ಧೈರ್ಯವಾಗಿ ಭಾಷಣ ಮಾಡುವ ಹುಡುಗಿ ಅವಳು. ನಾನೇ ಬರೆದುಕೊಟ್ಟ ಭಾಷಣಗಳು. ಊರಿನ ಮುಂದೆ ಅನ್ಯಾಯದ ಬಗ್ಗೆ ಮಾತಾಡುವುದನ್ನು ಕಲಿಸಿದ ಮನೆಯಲ್ಲೇ, ಅಪ್ಪನ ಮುಂದೆ ಒಂದು ಕ್ಯಾಪಿನ ಬಗ್ಗೆ ನಿಜ ಹೇಳಲು ಅವಳಿಗೆ ಭಯವಾಗಿತ್ತು.

ಮುಂದಿನದು ಬೇಗ ಹೇಳಿಬಿಡುತ್ತೇನೆ. ಗುಜರಿಯಲ್ಲಿ ಇನ್ನೊಂದು ಕ್ಯಾರಿಯರ್ ಸಿಕ್ಕಿತು. ಅದರ ಕ್ಯಾಪು ಬಿಚ್ಚುವ ಮೊದಲು ಮಗಳೇ ಪಂಚ್ ಹಿಡಿದು ಎಡಕ್ಕೆ ಒಂದು ಚುಕ್ಕೆ, ಬಲಕ್ಕೆ ಎರಡು ಚುಕ್ಕೆ ಹೊಡೆದಳು. ಒಂದೊಂದು ಹೆಜ್ಜೆಯನ್ನೂ ನೋಟ್ ಪುಸ್ತಕದಲ್ಲಿ ಬರೆದುಕೊಂಡಳು. ನನ್ನ ನೆನಪಿನ ಮೇಲೆ ಅವಳಿಗೆ ಈಗ ನಂಬಿಕೆಯಿಲ್ಲ, ಅದು ಸರಿಯೇ. ಪಿನಿಯನ್ ಕೂರುವ ಆಳ, ಕ್ರೌನಿಗೂ ಪಿನಿಯನ್ನಿಗೂ ನಡುವೆ ಬಿಡಬೇಕಾದ ಕೂದಲೆಳೆಯ ಸಡಿಲ, ಇವನ್ನು ಅಳೆಯಲು ನಮ್ಮಿಬ್ಬರಿಂದಾಗದೆ ಅನುಭವಿ ಮಿಸ್ತ್ರಿಯೊಬ್ಬರನ್ನು ಕರೆದೆವು. ಹಲ್ಲುಗಳಿಗೆ ನೀಲಿ ಬಣ್ಣ ಸವರಿ ತಿರುಗಿಸಿ, ಹಲ್ಲು ಹಲ್ಲಿಗೆ ಎಲ್ಲಿ ತಾಗುತ್ತದೆ ಅಂತ ಅವರು ತೋರಿಸಿಕೊಟ್ಟರು. ತಾಗಿದ ಜಾಗ ಸುಳ್ಳು ಹೇಳುವುದಿಲ್ಲ ಅಂದರು. 90 ನಂಬರ್ ಗೇರ್ ಆಯಿಲ್ ಹಾಕಿ, ಡ್ರೈನ್ ಬೋಲ್ಟನ್ನು ನಾನು ಬಿಗಿ ಮಾಡಿದೆ. ಮಗಳು ಇನ್ನೊಮ್ಮೆ ಬಿಗಿ ಮಾಡಿ ನೋಡಿದಳು.

ಗಾಡಿ ಹುಣ್ಣಿಮೆಗೆ ವಿಹಾರಕ್ಕೆ ಬಂತು. ಊಳು ಹೋಗಿದೆ. ಐವತ್ತರ ವೇಗದಲ್ಲಿ ಈಗಲೂ ಒಂದು ಸಣ್ಣ ಗುಂಯ್ ಸದ್ದು ಕೇಳುತ್ತದೆ. ಹಳೆಯ ಗೇರು ಹೊಸ ಮನೆಗೆ ಹೊಂದಿಕೊಂಡಾಗ ಅಷ್ಟು ಇದ್ದೇ ಇರುತ್ತದೆ ಅಂತ ಮಿಸ್ತ್ರಿ ಹೇಳಿದರು.

ಉಪಾಸಕಿಯವರೇ, ಭಾನುವಾರ ನೀವು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು: ಸುಳ್ಳು ಯಾರ ತಲೆಯ ಮೇಲೆ ಬಿತ್ತೋ ಅವರ ಮುಂದೆ, ಯಾರ ಕಿವಿಗೆ ಬಿತ್ತೋ ಅವರೆಲ್ಲರ ಎದುರಿಗೆ ಒಪ್ಪಿಕೊಳ್ಳಬೇಕು. ಅವರು ನಮಗಿಂತ ಚಿಕ್ಕವರಾಗಿದ್ದರೆ ಇನ್ನೂ ಬೇಗ ಒಪ್ಪಿಕೊಳ್ಳಬೇಕು, ಏಕೆಂದರೆ ಅವರಾಗಿ ನಮ್ಮನ್ನು ಕೇಳಲಾರರು.

🪷 *ಇಂದಿನ ಅಭ್ಯಾಸಕ್ಕೆ:* ನಮ್ಮ ಮನೆಯಲ್ಲಿ, ಕೆಲಸದ ಜಾಗದಲ್ಲಿ, ನಾವು ಮಾಡಿದ ಯಾವ ತಪ್ಪು ಇವತ್ತು ಇನ್ನೊಬ್ಬರ ಹೆಸರಿನಲ್ಲಿ ಉಳಿದಿದೆ? ಒಂದನ್ನು ನೆನಪು ಮಾಡಿಕೊಳ್ಳೋಣ. ಸಂಜೆಯೊಳಗೆ ಅವರ ಬಳಿ ಹೋಗೋಣ.

*ನಮೋ ಬುದ್ಧಾಯ. ಜೈ ಭೀಮ್.* 🙏